ಕುಸುಬಿ ಎಣ್ಣಿ ಆನ್‌ಲೈನಿಗೆ ಹೋದಾಗ: ಬೆಳವಣಕಿಯಿಂದ ಒಂದು ಲೆಕ್ಕ, ಒಂದು ತಪ್ಪೊಪ್ಪಿಗೆ

ಮೊಬೈಲ್ ತೆಗೆದು ‘ಗಾಣದ ಎಣ್ಣೆ’ ಅಂತ ಒಮ್ಮೆ ಹುಡುಕಿ ನೋಡಿ. ಹೆಬ್ಬೆರಳು ನೋಯುವ ತನಕ ಸರಿಸಿದರೂ ಪಟ್ಟಿ ಮುಗಿಯುವುದಿಲ್ಲ. ಶೇಂಗಾ, ಕೊಬ್ಬರಿ, ಎಳ್ಳು, ಸೂರ್ಯಕಾಂತಿ, ಎಲ್ಲವೂ ‘ಶುದ್ಧ’, ಎಲ್ಲವೂ ‘ಆರೋಗ್ಯಕರ’. ಅರ್ಧದಷ್ಟು ಬಾಟಲಿಗಳ ಮೇಲೆ ಕೆಂಪು ಹೃದಯದ ಚಿತ್ರ. 2024ರ ಏಪ್ರಿಲ್‌ನಲ್ಲಿ ಆ ಸಂತೆಯೊಳಗೆ ನಾನೂ 60 ಬಾಟಲಿ ಕುಸುಬಿ ಎಣ್ಣಿ ಹಿಡಿದು ಹೋಗಿ ನಿಂತೆ. ನಾಲ್ಕು ತಿಂಗಳಲ್ಲಿ 43 ಬಾಟಲಿ ಹೋದವು. ಅದರಲ್ಲಿ 7 ಸೋರಿ ವಾಪಸ್ ಬಂದವು. ಕೈಯಿಂದ ಹತ್ತು ಸಾವಿರಕ್ಕೂ ಹೆಚ್ಚು ಹೋಯಿತು. ರೊಕ್ಕದ ಮಾತು ಬಿಡಿ, ನಾನು ಮೊಬೈಲಿನಲ್ಲಿ ಹಾಕಿದ ಒಂದು ಸಾಲಿನಿಂದ ನಮ್ಮ ಓಣಿಯ ಕಾಕಾ ಒಬ್ಬರ ಜೀವಕ್ಕೇ ಕುತ್ತು ಬಂದಿತ್ತು.

ಈ ವಾರ ಅದನ್ನೇ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಯಾರಾದರೂ ನವಣೆ ಹಿಟ್ಟು, ಗಾಣದ ಎಣ್ಣೆ, ನುಗ್ಗೆ ಪುಡಿ, ಜೇನು ಹೀಗೆ ‘ಆರೋಗ್ಯದ ಮಾಲು’ ಹಿಡಿದು ಆನ್‌ಲೈನಿಗೆ ಹೊರಟಿದ್ದರೆ, ಹೊರಡುವ ಮೊದಲು ಹತ್ತು ನಿಮಿಷ ಕೊಟ್ಟು ಓದಿ.

ಕುಸುಬಿಯೇ ಯಾಕೆ?

ನಮ್ಮದು ರೋಣ ತಾಲ್ಲೂಕಿನ ಬೆಳವಣಕಿ. ಎರಿ ಹೊಲ, ಮಳೆ ನಂಬಿದ ಬದುಕು. ಹಿಂಗಾರಿಗೆ ಕಡ್ಲಿ, ಬಿಳಿಜೋಳ, ಗೋದಿ, ಅದರ ಜೊತೆಗೆ ಕುಸುಬಿ. ಹಿಂದೆಲ್ಲ ಜೋಳದ ಹೊಲದ ಸುತ್ತ ನಾಲ್ಕು ಸಾಲು ಕುಸುಬಿ ಹಾಕುತ್ತಿದ್ದರು. ಮುಳ್ಳಿನ ಬೆಳೆ, ದನ ಒಳಗೆ ಬಾಯಿ ಹಾಕುತ್ತಿರಲಿಲ್ಲ. ಎಳೆ ಎಲೆ ಪಲ್ಯಕ್ಕೆ, ಬೀಜ ಎಣ್ಣಿಗೆ, ಬೀಜದ ಹಾಲು ಹುಗ್ಗಿಗೆ. ಬೇರು ಆಳಕ್ಕೆ ಇಳಿಯುತ್ತದೆ, ಎರಿಯ ತಳದಲ್ಲಿ ಉಳಿದ ಹಸಿಯನ್ನೇ ಕುಡಿದು ಬೆಳೆಯುತ್ತದೆ. ನಮಗೆ ಹತ್ತಿರದ ಅಣ್ಣಿಗೇರಿ ಕೃಷಿ ಸಂಶೋಧನಾ ಕೇಂದ್ರದಿಂದ ಬಂದ ಎ-1 ತಳಿಯನ್ನು ಅಪ್ಪ ಬಹಳ ವರ್ಷಗಳಿಂದ ಬಿತ್ತುತ್ತಿದ್ದಾರೆ.

ಕೊಯ್ಲೇ ಕಷ್ಟ. ಬೆಳಗಿನ ಇಬ್ಬನಿ ಇರುವಾಗ ಮುಳ್ಳು ಸ್ವಲ್ಪ ಮೆತ್ತಗಿರುತ್ತದೆ, ಅಷ್ಟರಲ್ಲಿ ಕೈಗೆ ಬಟ್ಟೆ ಸುತ್ತಿಕೊಂಡು ಕೀಳಬೇಕು. ಆಳು ಸಿಗುವುದಿಲ್ಲ. ಹೀಗಾಗಿ ಬಹಳ ಮಂದಿ ಕುಸುಬಿ ಬಿಟ್ಟು ಕಡ್ಲಿಗೆ ಹೋದರು.

ಆ ವರ್ಷ ನಾಲ್ಕು ಎಕರೆಯಲ್ಲಿ 12 ಕ್ವಿಂಟಲ್ ಬಂತು. ಕೇಂದ್ರ ಸರ್ಕಾರ ಆ ಹಂಗಾಮಿಗೆ ಘೋಷಿಸಿದ್ದ ಬೆಂಬಲ ಬೆಲೆ ಕ್ವಿಂಟಲ್‌ಗೆ 5,800 ರೂಪಾಯಿ. ನಮ್ಮ ಮಾಲಿಗೆ ವ್ಯಾಪಾರಿ ಹೇಳಿದ್ದು 4,900. ಅಪ್ಪ ಚೀಲ ಇಳಿಸಿ ಸುಮ್ಮನೆ ಕೂತರು. ನಾನು ಮೊಬೈಲ್ ನೋಡುತ್ತಿದ್ದೆ. ಅದರಲ್ಲಿ ಗಾಣದ ಎಣ್ಣೆ ಲೀಟರಿಗೆ 350, 400, 450! ತಲೆಯಲ್ಲಿ ಗುಣಾಕಾರ ಶುರುವಾಯಿತು. ಅವ್ವ ಸಂಘದಲ್ಲಿ 30,000 ಸಾಲ ಎತ್ತಿ ಕೈಗೆ ಕೊಟ್ಟರು. “ನೋಡಪಾ, ವಾರದ ಕಂತ ನಾನs ಕಟ್ಟಬೇಕು, ಹುಷಾರಿ” ಅಂದರು. ಅಷ್ಟೇ.

ಎದುರಾಳಿ ಯಾರು?

ಸಂತೆಗೆ ಹೋಗುವ ಮೊದಲು ಪಕ್ಕದ ಅಂಗಡಿಯವರು ಯಾರು ಅಂತ ನೋಡಬೇಕು. ನಾನು ನೋಡಲಿಲ್ಲ. ನಂತರ ನೋಡಿದ್ದನ್ನು ಹೇಳುತ್ತೇನೆ.

ಆರೋಗ್ಯದ ಹೆಸರಿನ ಈ ಕಪಾಟಿನಲ್ಲಿ ಕೂತಿರುವವರು ಸಣ್ಣವರಲ್ಲ. ರಾಗಿ, ಸಿರಿಧಾನ್ಯದ ತಿಂಡಿ ಮಾಡುತ್ತಿದ್ದ ಬೆಂಗಳೂರಿನ ಸೋಲ್‌ಫುಲ್ ಅನ್ನು 2021ರಲ್ಲಿ ಟಾಟಾ ಕನ್ಸ್ಯೂಮರ್ ಕಂಪನಿ ಸುಮಾರು 156 ಕೋಟಿ ರೂಪಾಯಿಗೆ ಕೊಂಡಿತು. ಎಣ್ಣೆಯಲ್ಲಿ ‘ಹೃದಯ’ ಅಂದ ಕೂಡಲೇ ಪೇಟೆಯ ಮಂದಿಗೆ ನೆನಪಾಗುವುದು ಸಫೋಲಾ. ಇಂಗ್ಲಿಷಿನಲ್ಲಿ ಕುಸುಬಿಗೆ ಸ್ಯಾಫ್ಲವರ್ ಅನ್ನುತ್ತಾರೆ, ಆ ಹೆಸರಿನ ಬೇರು ನಮ್ಮ ಬೆಳೆಯಲ್ಲೇ ಇದೆ. ಆದರೆ ಸಫೋಲಾ ಗೋಲ್ಡ್ ಬಾಟಲಿ ತಿರುಗಿಸಿ ಓದಿ. ಅದು ಅಕ್ಕಿ ತೌಡಿನ ಎಣ್ಣೆ ಮತ್ತು ಸೂರ್ಯಕಾಂತಿ ಎಣ್ಣೆಯ ಮಿಶ್ರಣ, ಅವರೇ ಲೇಬಲ್ ಮೇಲೆ ಬರೆದಿದ್ದಾರೆ.

ಇದರಲ್ಲಿ ಎರಡು ಪಾಠ ಇವೆ. ಒಂದು, ‘ಹೃದಯ’ ಅನ್ನುವ ಮಾತಿನ ಜಾಗ ಆಗಲೇ ಭರ್ತಿ. ಕೋಟಿಗಟ್ಟಲೆ ಜಾಹೀರಾತು ಸುರಿಯುವವರ ಎದುರು ನಾವು ಅದೇ ಮಾತು ಕೂಗಿದರೆ ಯಾರಿಗೂ ಕೇಳಿಸುವುದಿಲ್ಲ. ಎರಡು, ನಿಜವಾದ ಕುಸುಬಿ ಎಣ್ಣಿಯ ಜಾಗ ಇನ್ನೂ ಖಾಲಿ ಇದೆ. ನಾನು ಮಾಡಿದ ತಪ್ಪೆಂದರೆ ಖಾಲಿ ಜಾಗ ಬಿಟ್ಟು ಭರ್ತಿಯಾದ ಜಾಗಕ್ಕೇ ಹೋಗಿ ನುಗ್ಗಿದ್ದು.

ಮೊದಲು ಲೆಕ್ಕ ಹಾಕಿ, ಆಮೇಲೆ ಫೋಟೋ ತೆಗೆಯಿರಿ

ನಾನು ಫೋಟೋ ಮೊದಲು ತೆಗೆದೆ. ಲೆಕ್ಕ ಹಾಕಿದ್ದು ನಾಲ್ಕು ತಿಂಗಳ ಮೇಲೆ. ಇಲ್ಲಿದೆ ನೋಡಿ, 100 ಕೆ.ಜಿ. ಬೀಜದ ನಮ್ಮ ಲೆಕ್ಕ:

• ಬೀಜ (ಮಾರಿದ್ದರೆ ಸಿಗುತ್ತಿದ್ದ ಬೆಲೆ): 4,900
• ಹಸನು ಮಾಡುವುದು, ಸಾಗಣೆ: 300
• ಗಾಣದ ಕೂಲಿ, ಕೆ.ಜಿ.ಗೆ 12ರಂತೆ: 1,200
• ಒಟ್ಟು ಖರ್ಚು: 6,400
• ಹಿಂಡಿ ಮಾರಿದ್ದು, 70 ಕೆ.ಜಿ., 22ರಂತೆ: 1,540
• ಉಳಿದ ಖರ್ಚು: 4,860
• ಸಿಕ್ಕ ಎಣ್ಣಿ: 24 ಲೀಟರ್

ಅಂದರೆ ಲೀಟರಿಗೆ ಸುಮಾರು 203 ರೂಪಾಯಿ ಬಿತ್ತು. ಬಾಟಲಿ, ಮುಚ್ಚಳ, ಲೇಬಲ್ 24. ರಟ್ಟಿನ ಡಬ್ಬಿ, ಒಳಗಿನ ಮೆತ್ತೆ 26. ಮನೆ ಬಿಡುವಾಗಲೇ ಒಂದು ಬಾಟಲಿಗೆ 253 ರೂಪಾಯಿ.

ಪಕ್ಕದವರ ದರ ನೋಡಿ ನಾನು ಇಟ್ಟ ಬೆಲೆ 349. ಅದರಲ್ಲಿ ಮಾರಾಟ ತಾಣದ ಕಮಿಷನ್ ಮತ್ತು ಬೇರೆ ಶುಲ್ಕ 58, ಕೊರಿಯರ್ 76. ಕೈಗೆ ಬಂದಿದ್ದು 215. ಪ್ರತಿ ಬಾಟಲಿಗೆ 38 ರೂಪಾಯಿ ನಷ್ಟ! ಮಾರಿದಷ್ಟೂ ನಷ್ಟ. ಸೋರಿ ವಾಪಸ್ ಬಂದ ಬಾಟಲಿಗೆ ಎಣ್ಣಿಯೂ ಹೋಯಿತು, ಹೋಗಿ ಬರುವ ಎರಡು ಕಡೆಯ ಬಾಡಿಗೆಯೂ ಹೋಯಿತು, ಒಂದೊಂದಕ್ಕೆ 405. ಎಲ್ಲ ಕೂಡಿ 4,200ರ ಮೇಲೆ. ಪಟ್ಟಿಯಲ್ಲಿ ಮೇಲೆ ಕಾಣಲಿ ಅಂತ ಜಾಹೀರಾತಿಗೆ ಸುರಿದಿದ್ದು 6,000. ನನ್ನ ಕೂಲಿ, ಅವ್ವ ಬಾಟಲಿ ತೊಳೆದ ಕೂಲಿ ಇದರಲ್ಲಿ ಹಿಡಿದೇ ಇಲ್ಲ.

ಆರ್ಡರ್ ಬಂದಾಗ ಮೊಬೈಲ್ ‘ಟಿಂಗ್’ ಅನ್ನುತ್ತಿತ್ತು. ಅವ್ವ ಒಲೆ ಮುಂದಿನಿಂದ “ಬಂತೇನೋ?” ಅಂತ ಕೇಳುತ್ತಿದ್ದರು. ಪ್ರತಿ ಟಿಂಗ್‌ಗೂ 38 ರೂಪಾಯಿ ಹೋಗುತ್ತಿದೆ ಅಂತ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ಆ ಒಂದು ಸಾಲು

ಎಣ್ಣಿ ಹೋಗುತ್ತಿಲ್ಲ ಅಂತ ಚಿಂತೆಯಾದಾಗ ಬೇರೆಯವರು ಏನು ಬರೆಯುತ್ತಾರೆ ಅಂತ ನೋಡಿದೆ. ಒಬ್ಬರು ಕೊಲೆಸ್ಟ್ರಾಲ್ ಕರಗುತ್ತದೆ ಅಂದಿದ್ದರು. ಇನ್ನೊಬ್ಬರು ಶುಗರ್ ಇಳಿಯುತ್ತದೆ ಅಂದಿದ್ದರು. ನಾನೇನು ಕಡಿಮೆ? ವಾಟ್ಸಾಪ್ ಸ್ಟೇಟಸ್ಸಿಗೆ ಒಂದು ಚಿತ್ರ ಮಾಡಿ ಹಾಕಿದೆ: “ಗಾಣದ ಕುಸುಬೆ ಎಣ್ಣೆ ಬಳಸಿ, ಬಿ.ಪಿ. ಗುಳಿಗೆ ಮರೆತುಬಿಡಿ!”

ಪೇಟೆಯಿಂದ ಒಂದು ಆರ್ಡರ್ ಬರಲಿಲ್ಲ. ಓದಿದ್ದು ನಮ್ಮ ಓಣಿಯ ಕಾಕಾ.

ಕಾಕಾಗೆ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿದ್ದರು. ದಿನಾ ಗುಳಿಗೆ ಇದ್ದವು. ನಮ್ಮ ಮನೆಗೆ ಬಂದು ಎರಡು ಲೀಟರ್ ಎಣ್ಣಿ ಒಯ್ದರು, ರೊಕ್ಕ ಕೊಟ್ಟೇ ಒಯ್ದರು. ನನಗೆ ಖುಷಿಯಾಗಿತ್ತು. ಮೂರು ವಾರದ ಮೇಲೆ ಒಂದು ಮುಂಜಾನೆ ಅವರ ಮನೆಯಲ್ಲಿ ಗದ್ದಲ. ತಲೆ ತಿರುಗಿ ಬಚ್ಚಲ ಹತ್ತಿರ ಬಿದ್ದಿದ್ದರು. ಸಿಕ್ಕ ಗಾಡಿಯಲ್ಲಿ ಗದಗಿಗೆ ಒಯ್ದೆವು, ನಾನೂ ಹಿಂದೆ ಕೂತಿದ್ದೆ. ಬಿ.ಪಿ. 200 ದಾಟಿತ್ತು. ಡಾಕ್ಟರು ಗುಳಿಗೆ ಚೀಟಿ ಕೇಳಿದರು. ಕಾಕಿ ಅಳುತ್ತಾ ಹೇಳಿದರು, ಮೂರು ವಾರದಿಂದ ತಗೊಂಡಿಲ್ಲ.

ಮರುದಿನ ಸ್ವಲ್ಪ ಚೇತರಿಸಿಕೊಂಡ ಮೇಲೆ ಕಾಕಾ ನನ್ನ ಕಡೆ ನೋಡಿದರು. ಬೈಯಲಿಲ್ಲ. “ನೀನs ಹಾಕಿದ್ದೆಲ್ಲೋ ತಮ್ಮಾ, ಗುಳಿಗಿ ಮರೀರಿ ಅಂತ. ನಮ್ಮ ಹುಡುಗ ಸುಳ್ಳು ಹೇಳತಾನಾ ಅಂತ ನಾ ಬಿಟ್ಟೆ” ಅಂದರು.

ಆ ಮಾತು ಇವತ್ತಿಗೂ ಕಿವಿಯಲ್ಲಿದೆ. ದೂರದವರು ನಮ್ಮ ಜಾಹೀರಾತು ನಂಬುವುದಿಲ್ಲ, ಸರಿಸಿ ಮುಂದೆ ಹೋಗುತ್ತಾರೆ. ನಂಬುವವರು ನಮ್ಮವರೇ. ನಾವು ಯಾರ ಹೊಲದ ಪಕ್ಕ ಬಿತ್ತುತ್ತೇವೋ, ಯಾರ ಮನೆ ಮದುವೆಗೆ ಬಡಿಸಲು ನಿಲ್ಲುತ್ತೇವೋ ಅವರು. ಕಾಕಾ ಬದುಕಿ ಮನೆಗೆ ಬಂದರು, ಈಗ ಗುಳಿಗೆ ತಪ್ಪಿಸುವುದಿಲ್ಲ. ಬರದೇ ಹೋಗಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ, ಆ ಓಣಿಯಲ್ಲಿ ತಲೆ ಎತ್ತಿ ನಡೆಯುತ್ತಲೂ ಇರಲಿಲ್ಲ.

ಕಾನೂನು ಏನು ಹೇಳುತ್ತದೆ?

ಆಸ್ಪತ್ರೆಯಿಂದ ಬಂದ ಮೇಲೆ ಓದಲು ಕೂತೆ. ಮೊದಲೇ ಓದಬೇಕಿತ್ತು.

ಎಣ್ಣೆಗೇ ಒಂದು ಪ್ರತ್ಯೇಕ ನಿಯಮ ಇದೆ. ಖಾದ್ಯ ತೈಲದ ಡಬ್ಬಿ, ಲೇಬಲ್, ಜಾಹೀರಾತಿನ ಮೇಲೆ ‘ಆಂಟಿ ಕೊಲೆಸ್ಟ್ರಾಲ್’, ‘ಕೊಲೆಸ್ಟ್ರಾಲ್ ಫೈಟರ್’, ‘ಸೂದಿಂಗ್ ಟು ಹಾರ್ಟ್’, ‘ಡಬಲ್ ರಿಫೈನ್ಡ್’ ಇಂಥ ಉಬ್ಬಿಸಿದ ಮಾತು ಹಾಕುವಂತೆಯೇ ಇಲ್ಲ. ರೋಗ ವಾಸಿಯಾಗುತ್ತದೆ ಅನ್ನುವುದಂತೂ ಯಾವ ಆಹಾರಕ್ಕೂ ಸಲ್ಲದು. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ 2006ರ 53ನೇ ಕಲಂ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ವಾಟ್ಸಾಪ್ ಸ್ಟೇಟಸ್ ಜಾಹೀರಾತಲ್ಲ ಅಂದುಕೊಂಡಿದ್ದರೆ ಆ ಭ್ರಮೆ ಬಿಡಿ. ಮಾಲು ಮಾರಲು ಹಾಕಿದ ಮಾತೆಲ್ಲ ಜಾಹೀರಾತೇ.

ದೊಡ್ಡವರಿಗೂ ಇದು ತಪ್ಪಿಲ್ಲ. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಆನ್‌ಲೈನ್ ಮಾರಾಟ ತಾಣಗಳಿಗೆ ಸೂಚನೆ ಕೊಟ್ಟು, ಬೋರ್ನ್‌ವಿಟಾ ಸೇರಿದಂತೆ ಇಂಥ ಪೇಯಗಳನ್ನು ‘ಹೆಲ್ತ್ ಡ್ರಿಂಕ್’ ವಿಭಾಗದಿಂದ ತೆಗೆಯಿರಿ ಅಂದಿತು. ಕಾರಣ ಸರಳ: ‘ಹೆಲ್ತ್ ಡ್ರಿಂಕ್’ ಅನ್ನುವುದಕ್ಕೆ ನಮ್ಮ ಆಹಾರ ಕಾನೂನಿನಲ್ಲಿ ವ್ಯಾಖ್ಯಾನವೇ ಇಲ್ಲ. ನಾನು 60 ಬಾಟಲಿ ಇಟ್ಟಿದ್ದೂ ಅದೇ ಏಪ್ರಿಲ್‌ನಲ್ಲಿ. ಸುದ್ದಿ ಮೊಬೈಲಿನಲ್ಲೇ ಇತ್ತು, ನಾನು ನೋಡಿದ್ದು ಆರ್ಡರ್ ಮಾತ್ರ.

ಹಾಗಾದರೆ ಕುಸುಬಿ ಎಣ್ಣಿ ಬಗ್ಗೆ ನಿಜ ಏನು?

ನಿಜವೂ ಚೆನ್ನಾಗಿಯೇ ಇದೆ, ಆದರೆ ಅದಕ್ಕೆ ಮಿತಿ ಇದೆ.

ಸಾಮಾನ್ಯ ಕುಸುಬಿ ಎಣ್ಣಿಯಲ್ಲಿ ಹೆಚ್ಚು ಕಡಿಮೆ ಮುಕ್ಕಾಲು ಪಾಲು ಲಿನೋಲಿಕ್ ಆಮ್ಲ, ಅಂದರೆ ಒಮೆಗಾ-6. ಜಡ ಕೊಬ್ಬು ಕಡಿಮೆ. ಡಾಲ್ಡಾ, ಬೆಣ್ಣೆಯಂಥ ಜಡ ಕೊಬ್ಬಿನ ಬದಲು ಇಂಥ ಎಣ್ಣೆ ಬಳಸಿದರೆ ಕೆಟ್ಟ ಕೊಲೆಸ್ಟ್ರಾಲ್ ಇಳಿಯಲು ಸಹಾಯವಾಗುತ್ತದೆ ಅನ್ನುವುದು ವೈದ್ಯಲೋಕ ಒಪ್ಪಿದ ಮಾತು. ಆದರೆ ಅದು ಗುಳಿಗೆಗೆ ಬದಲಿ ಅಲ್ಲ. ಇದ್ದದ್ದರ ಮೇಲೆ ಇನ್ನೂ ಎರಡು ಚಮಚ ಸುರಿದುಕೊಂಡರೆ ಲಾಭವೂ ಇಲ್ಲ. ಯಾವ ಎಣ್ಣೆಯಾದರೂ ಒಂದು ಗ್ರಾಮಿಗೆ 9 ಕ್ಯಾಲೊರಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯೂ ಎಣ್ಣೆ ಮಿತವಾಗಿರಲಿ, ಬೇರೆ ಬೇರೆ ಮೂಲದ್ದಿರಲಿ ಅನ್ನುತ್ತದೆ.

ಇನ್ನೊಂದು ಮಾತು ಗಾಣದವರಿಗೆ ಕಹಿ ಅನಿಸಬಹುದು. ಒಮೆಗಾ-6 ಗಾಣದ ಎಣ್ಣಿಯಲ್ಲೂ ಅಷ್ಟೇ, ರಿಫೈನ್ಡ್ ಕುಸುಬಿ ಎಣ್ಣೆಯಲ್ಲೂ ಅಷ್ಟೇ. ಗಾಣದ್ದಕ್ಕೆ ವಾಸನೆ ಇದೆ, ಬಣ್ಣ ಇದೆ, ರುಚಿ ಇದೆ, ದ್ರಾವಕ ಹಾಕಿ ತೆಗೆದಿದ್ದಲ್ಲ. ಅದರ ಜೊತೆಗೆ ಬೇಗ ಹೊಗೆ ಬರುತ್ತದೆ, ಬೆಳಕು ತಾಗಿದರೆ ಬೇಗ ಕಮಟು ಹಿಡಿಯುತ್ತದೆ. ಬಜಿ ಕರಿಯಲು ಇದು ಸರಿಯಲ್ಲ. ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಅದರ ಮೇಲೆ ಒಂದು ಚಮಚ ಹಸಿ ಎಣ್ಣಿ, ಅಲ್ಲಿ ಇದಕ್ಕೆ ಸರಿಸಾಟಿ ಇಲ್ಲ. ಒಗ್ಗರಣೆಗೂ ನಡೆಯುತ್ತದೆ.

ಇಷ್ಟು ತಿಳಿದ ಮೇಲೆ ನನಗೆ ಹೊಳೆಯಿತು. ಈ ಎಣ್ಣಿ ಬೇಕಾದವರು ‘ಹೃದಯಕ್ಕೆ ಎಣ್ಣೆ’ ಅಂತ ಹುಡುಕುವ ಮಂದಿಯಲ್ಲ. ಊರು ಬಿಟ್ಟು ಬೆಂಗಳೂರು, ಪುಣೆ ಸೇರಿದ ಮೇಲೂ ರೊಟ್ಟಿ ಬಿಡದ ನಮ್ಮ ಮಂದಿ.

ಎರಡನೇ ಸಲ ಹೇಗೆ ಮಾಡಿದೆವು?

ಮಾರಾಟ ತಾಣದಿಂದ ಹೊರಗೆ ಬಂದೆವು. 2025ರ ಸುಗ್ಗಿಗೆ ಹೊಸ ಕ್ರಮ ಹಿಡಿದೆವು.

ಮೊದಲು ಆರ್ಡರ್, ಆಮೇಲೆ ಗಾಣ. ಬೀಜ ಚೀಲದಲ್ಲಿ ಕೆಡದೆ ಇರುತ್ತದೆ, ಎಣ್ಣಿ ಬಾಟಲಿಯಲ್ಲಿ ಇರುವುದಿಲ್ಲ. ವರ್ಷಕ್ಕೆ ಎರಡು ಸಲ ಗುಂಪಿನಲ್ಲಿ ಕೇಳುತ್ತೇವೆ, ಎಷ್ಟು ಬೇಕು ಅಂತ. ಬಂದ ಲೆಕ್ಕಕ್ಕೆ ತಕ್ಕಂತೆ ಗಾಣಕ್ಕೆ ಹಾಕುತ್ತೇವೆ.

ಒಂದು ಲೀಟರ್ ಬಾಟಲಿ ಬಿಟ್ಟು 5 ಲೀಟರ್ ಕ್ಯಾನ್. ಲೇಬಲ್ ಮೇಲೆ ಹೃದಯದ ಚಿತ್ರ ಇಲ್ಲ. ಊರು ಬೆಳವಣಕಿ, ತಳಿ ಎ-1, ಗಾಣಕ್ಕೆ ಹಾಕಿದ ದಿನಾಂಕ, ‘ಕರಿಯಲು ಬೇಡ, ಕತ್ತಲಲ್ಲಿ ಇಡಿ’ ಅನ್ನುವ ಸೂಚನೆ. ಜೊತೆಗೆ ಗಾಣ ತಿರುಗುವ ಒಂದು ನಿಮಿಷದ ವಿಡಿಯೋ, ಹಿಂಡಿಯ ಸಮೇತ.

ಸಾಗಣೆಗೆ ಸಾರಿಗೆ ಸಂಸ್ಥೆಯ ‘ನಮ್ಮ ಕಾರ್ಗೋ’. 2021ರಿಂದ ಬಸ್ಸಿನಲ್ಲೇ ಪಾರ್ಸೆಲ್ ಒಯ್ಯುವ ವ್ಯವಸ್ಥೆ ಇದೆ. ಬಾಡಿಗೆ ಕೊಳ್ಳುವವರದು, ಮೊದಲೇ ಹೇಳುತ್ತೇವೆ.

ಲೆಕ್ಕ ಹೀಗೆ: 5 ಲೀಟರ್ ಎಣ್ಣಿಗೆ 1,012, ಕ್ಯಾನ್ ಮತ್ತು ಲೇಬಲ್ 75, ಒಟ್ಟು 1,087. ಮಾರಿದ್ದು 1,600ಕ್ಕೆ. ಉಳಿದದ್ದು 513. ಮೊದಲ ವರ್ಷ 26 ಮನೆ, ತಲಾ ಎರಡು ಕ್ಯಾನ್. ಸುಮಾರು 11 ಕ್ವಿಂಟಲ್ ಬೀಜ ಹೋಯಿತು. ಹಾಗೇ ಮಾರಿದ್ದಕ್ಕಿಂತ 26,000 ರೂಪಾಯಿ ಹೆಚ್ಚು ಬಂತು. ಕೋಟಿ ಅಲ್ಲ, ಲಕ್ಷವೂ ಅಲ್ಲ. ಆದರೆ ಅವ್ವನ ಸಂಘದ ಕಂತು ಮುಗಿಯಿತು, ಕುಸುಬಿ ಬಿಡಬೇಕು ಅಂದಿದ್ದ ಅಪ್ಪ ಮತ್ತೆ ನಾಲ್ಕು ಎಕರೆ ಬಿತ್ತಿದರು.

ನಮ್ಮ ಪಕ್ಕದ ಧಾರವಾಡ ಜಿಲ್ಲೆಯಲ್ಲೇ ಇದಕ್ಕಿಂತ ದೊಡ್ಡ ಪಾಠ ಇದೆ. ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಮಹಿಳಾ ಸ್ವಸಹಾಯ ಸಂಘಕ್ಕೆ 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂತು. ಆ ಹೆಣ್ಣುಮಕ್ಕಳು ಕಟ್ಟಿದ್ದು ಸಿರಿಧಾನ್ಯದ ಬೀಜ ಬ್ಯಾಂಕ್, ಸಂಸ್ಕರಣಾ ಘಟಕ, ಸುತ್ತಲಿನ ರೈತರ ಜೊತೆ ನಂಟು. ಅಲ್ಲಿ ಕೆಲಸ ಶುರುವಾಗಿದ್ದು ಬೀಜದಿಂದ. ನಾನು ಶುರು ಮಾಡಿದ್ದು ಲೇಬಲ್‌ನಿಂದ.

ಹೊರಡುವ ಮೊದಲು ಇಷ್ಟು ನೋಡಿಕೊಳ್ಳಿ

1. ಆಹಾರ ನೋಂದಣಿ ಮೊದಲು. ನಾನು ಮಾಡಿಸಿದಾಗ ವರ್ಷಕ್ಕೆ 12 ಲಕ್ಷದೊಳಗಿನ ವಹಿವಾಟಿಗೆ ಮೂಲ ನೋಂದಣಿ ಸಾಕಿತ್ತು, ಶುಲ್ಕ ವರ್ಷಕ್ಕೆ 100 ರೂಪಾಯಿ. ಫಾಸ್ಕಾಸ್ ಪೋರ್ಟಲ್‌ನಲ್ಲಿ ಮೊಬೈಲಿನಿಂದಲೇ ಆಗುತ್ತದೆ. ಬರುವ 14 ಅಂಕಿಯ ಸಂಖ್ಯೆ ಲೇಬಲ್ ಮೇಲೆ ಇರಲೇಬೇಕು.

2. ಲೇಬಲ್ ಮೇಲೆ ತಯಾರಕರ ಹೆಸರು, ವಿಳಾಸ, ನಿವ್ವಳ ಪ್ರಮಾಣ, ಗರಿಷ್ಠ ಬೆಲೆ, ತಯಾರಿಸಿದ ದಿನ, ದೂರು ಹೇಳಲು ಫೋನ್ ನಂಬರ್ ಬೇಕು. ಎಣ್ಣೆಗೆ ಲೀಟರ್ ಜೊತೆ ತೂಕವನ್ನೂ ಬರೆಯಿರಿ.

3. ಮಾರಾಟ ತಾಣಕ್ಕೆ ಹೋಗುವುದಿದ್ದರೆ ಜಿಎಸ್‌ಟಿ ತಿಳಿದುಕೊಳ್ಳಿ. 2023ರ ಅಕ್ಟೋಬರ್ 1ರಿಂದ ಸಣ್ಣ ಮಾರಾಟಗಾರರು ಜಿಎಸ್‌ಟಿ ನೋಂದಣಿ ಇಲ್ಲದೆ, ಎನ್ರೋಲ್‌ಮೆಂಟ್ ಸಂಖ್ಯೆ ಪಡೆದು, ತಮ್ಮ ರಾಜ್ಯದೊಳಗೆ ಮಾತ್ರ ಮಾರಬಹುದು. ಪುಣೆಗೆ ಕಳಿಸಬೇಕೆಂದರೆ ಲೆಕ್ಕ ಬೇರೆ, ತೆರಿಗೆ ಸಲಹೆಗಾರರನ್ನು ಕೇಳಿ.

4. ಸಾಲ ಮಾಡಿ ಗಾಣ ಕೊಳ್ಳುವ ಅವಸರ ಬೇಡ. ಕಿರು ಆಹಾರ ಉದ್ಯಮಕ್ಕೆ ಕೇಂದ್ರದ ಪಿಎಂಎಫ್‌ಎಂಇ ಯೋಜನೆ 2020ರಲ್ಲಿ ಬಂತು, ಯೋಜನಾ ವೆಚ್ಚದ ಶೇ 35, ಗರಿಷ್ಠ 10 ಲಕ್ಷ ಸಹಾಯಧನ ಅದರಲ್ಲಿತ್ತು. ಈಗ ಅರ್ಜಿ ತೆರೆದಿದೆಯೇ ಅಂತ ಕೃಷಿ ಇಲಾಖೆಯಲ್ಲಿ ವಿಚಾರಿಸಿ. ಆದರೆ ಮೊದಲು ಬೇರೆಯವರ ಗಾಣದಲ್ಲಿ ಆಡಿಸಿ 100 ಲೀಟರ್ ಮಾರಿ ನೋಡಿ. ಅದು ಹೋದರೆ ಮುಂದಿನ ಮಾತು.

5. ಬೆಲೆಯನ್ನು ಪಕ್ಕದವರನ್ನು ನೋಡಿ ಇಡಬೇಡಿ. ನಿಮ್ಮ ಖರ್ಚು, ಕಮಿಷನ್, ಕೊರಿಯರ್, ವಾಪಸ್ ಬರುವ ಮಾಲು, ನಿಮ್ಮ ಮನೆಯವರ ಕೂಲಿ ಎಲ್ಲ ಹಿಡಿದು ಇಡಿ. ಆ ಬೆಲೆಗೆ ಹೋಗದಿದ್ದರೆ ಆ ಸಂತೆ ನಿಮ್ಮದಲ್ಲ.

6. ಏನೇ ಬರೆದು ಹಾಕುವ ಮೊದಲು ಅದನ್ನು ನಿಮ್ಮ ಮನೆಯ ಹಿರಿಯರು ಅಕ್ಷರಶಃ ನಂಬಿದರೆ ಏನಾಗುತ್ತದೆ ಅಂತ ಯೋಚಿಸಿ.

2026-27ರ ಮಾರಾಟ ಹಂಗಾಮಿಗೆ ಕುಸುಬಿಯ ಬೆಂಬಲ ಬೆಲೆ 6,540ಕ್ಕೆ ಏರಿದೆ. ಬಿತ್ತುವವರಿಗೆ ಒಳ್ಳೆಯ ಸುದ್ದಿ. ಬೀಜದ ಬೆಲೆ ಏರಿದರೆ ಎಣ್ಣಿಯ ಲೆಕ್ಕವೂ ಬದಲಾಗುತ್ತದೆ, ಈ ಸಲ ಮತ್ತೆ ಕಾಗದ ಪೆನ್ನು ಹಿಡಿದು ಕೂಡಬೇಕು.

ಹೋದ ವಾರ ಕಾಕಾ ಮತ್ತೆ ಬಂದಿದ್ದರು, ಡಬ್ಬಿ ಹಿಡಿದು. “ಒಂದ ಲೀಟರ್ ಹಾಕು” ಅಂದರು. ಹಾಕಿದೆ. ಹೋಗುವಾಗ ಕೇಳಿದೆ, “ಗುಳಿಗಿ ತಗೊಂಡ್ರೇನು ಕಾಕಾ?” ನಕ್ಕರು. “ತಗೊಂಡೆನೋ ಮಾರಾಯಾ. ಇದು ರೊಟ್ಟಿಗೆ.”